ನಕ್ಷತ್ರ ಸಿಡಿಯುವ ನಡುವೆ ನಾನು ತೆಗೆದುಕೊಂಡ ಉಸಿರು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರ್ಧ ಓದಿದ ಮೇಲೆ ನೀವೇ ಕಂಡುಹಿಡಿದು ಬೈಯುವುದಕ್ಕಿಂತ ಇದು ಮರ್ಯಾದೆ.

ಕೋಟ್ಯಂತರ ವರ್ಷಗಳ ಹಿಂದೆ ಆಕಾಶದ ಯಾವುದೋ ಮೂಲೆಯಲ್ಲಿ ಏನೋ ಒಂದು ಸಿಡಿಯಿತು. ಅದರ ಸದ್ದನ್ನು ನಾನು ಹೊಸಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ ನಿಂತು ಬಾಯಲ್ಲಿ ಮಾಡಿದೆ. ಮಾಡಿದ್ದೇನೂ ತಪ್ಪಲ್ಲ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನನ್ನ ತಂಗಿಯ ಎಂಎಸ್ಸಿ ಪ್ರಾಜೆಕ್ಟಿನಲ್ಲಿದ್ದ ಅಸಲಿ ಸದ್ದನ್ನು ತೆಗೆದು, ಅದರ ಜಾಗದಲ್ಲಿ ಇಟ್ಟೆನಲ್ಲ, ಅವಳಿಗೊಂದು ಮಾತೂ ಹೇಳದೆ? ತಪ್ಪು ಅದು.

(ಬಚ್ಚಲೇ ಯಾಕೆ ಅಂತೀರಾ? ಎಕೋ. ಹಂಪಿಯ ಕಲ್ಲು ಮಂಟಪಗಳನ್ನು ಬಿಟ್ಟರೆ ನಮ್ಮ ತಾಲ್ಲೂಕಿನಲ್ಲಿ ಅಷ್ಟು ಒಳ್ಳೆಯ ಎಕೋ ಬರುವುದು ನಮ್ಮ ಬಚ್ಚಲಲ್ಲೇ.)

ಈ ಅಂಕಣ ಓದುವವರಿಗೆ ನನ್ನ ಕಸುಬು ಗೊತ್ತು. ಮಿಮಿಕ್ರಿ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಮೂಗಿನಿಂದಲೇ ಎಲ್ಲ ಊರುಗಳ ಹೆಸರು ಕೂಗುವವರನ್ನು ಮಾಡುತ್ತೇನೆ. ಹಂಪಿ ಬಜಾರಿನಲ್ಲಿ ಒಂದೇ ಸಾಲನ್ನು ಫ್ರೆಂಚರಿಗೂ ಬೀದರಿನವರಿಗೂ ಒಂದೇ ರಾಗದಲ್ಲಿ ಒಪ್ಪಿಸುವ ಗೈಡುಗಳನ್ನು ಮಾಡುತ್ತೇನೆ. ರಿವರ್ಸ್ ಹೋಗುವ ಅದಿರು ಲಾರಿಯನ್ನೂ, ಅದರ ಹಿಂದೆ ನಿಂತು ‘ಬರ್ಲಿ ಬರ್ಲಿ’ ಅನ್ನುತ್ತಲೇ ಗೋಡೆಗೆ ಗುದ್ದಿಸುವ ಕ್ಲೀನರನ್ನೂ ಒಟ್ಟಿಗೇ ಮಾಡುತ್ತೇನೆ. ಬಿಟ್ಟಿರುವುದು ಯಾರನ್ನು? ನನ್ನನ್ನೂ ಬಿಟ್ಟಿಲ್ಲ. ಸ್ಟೇಜಿನ ಮೇಲೆ ಜನ ನಗದಿದ್ದಾಗ ನಾನು ಕೆಮ್ಮುವ ಆ ಸುಳ್ಳು ಕೆಮ್ಮು ಈಗ ನನ್ನದೇ ಒಂದು ಐಟಂ.

ನನ್ನ ತಂಗಿ ಪಂಪಾ ಇದಕ್ಕೆ ತದ್ವಿರುದ್ಧ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಕೊನೆಯ ವರ್ಷ. ‘ಸುಮಾರು’ ಅನ್ನುವ ಪದ ಬಳಸುವ ಮುಂಚೆ ಎಷ್ಟು ಸುಮಾರು ಅಂತ ಲೆಕ್ಕ ಹಾಕುವ ಹುಡುಗಿ. ಅವಳು ಆರಿಸಿಕೊಂಡ ಪ್ರಾಜೆಕ್ಟು ಗಾಮಾ ಕಿರಣಗಳ ಸ್ಫೋಟ.

ಅವ್ವ ರೊಟ್ಟಿ ಬಡಿಯುತ್ತಾ ಒಂದು ದಿನ ಕೇಳಿದಳು. “ಏನವ್ವಾ ಅದು, ಹಗಲೆಲ್ಲಾ ಆ ಗೆರಿ ನೋಡ್ಕೋತ ಕುಂದ್ರತಿ?”

“ಸ್ಫೋಟ ಅವ್ವ. ಗಾಮಾ ಕಿರಣದ ಸ್ಫೋಟ.”

“ಎಲ್ಲಿ? ಸಂಡೂರಾಗ?”

ನಗಬೇಡಿ. ನಮ್ಮ ಕಡೆ ಸ್ಫೋಟ ಅಂದರೆ ಸಂಡೂರೇ. ಗುಡ್ಡದ ಗಣಿಯಲ್ಲಿ ಸೈರನ್ ಆಗುತ್ತದೆ, ಆಮೇಲೆ ಢಂ, ಆಮೇಲೆ ಸುತ್ತಲ ಮನೆಗಳ ಪಾತ್ರೆಗಳು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ.

“ಸಂಡೂರಾಗಲ್ಲ ಅವ್ವ, ಆಕಾಶದಾಗ. ಭಾಳ ಭಾಳ ದೂರ.”

“ಹಂಗಾದ್ರ ನಮಗ್ಯಾಕ ಕೇಳಿಲ್ಲ?”

“ಅಲ್ಲಿಂದ ಸದ್ದು ಬರಲ್ಲ. ಬೆಳಕು ಬರತೈತಿ, ಅದೂ ಕಣ್ಣಿಗೆ ಕಾಣಲ್ಲ. ಗಾಳಿ ಅದನ್ನ ನೆಲಕ್ಕ ಬಿಡಂಗಿಲ್ಲ. ಮ್ಯಾಲೆ ಸುತ್ತೋ ಉಪಗ್ರಹಕ್ಕ ಮಾತ್ರ ಸಿಗತೈತಿ.”

“ಕೇಳಲ್ಲ, ಕಾಣಲ್ಲ. ಅದನ್ನ ಓದಿ ಮಾಡೋದೇನು?” ಅಂದಳು ಅವ್ವ. ಪಂಪಾ ಅವ್ವನ ಪಕ್ಕದಲ್ಲೇ ಕೂತು ಎಲ್ಲ ವಿವರಿಸಿದಳು. ನನಗೆ ತಿಳಿದಷ್ಟು ನಿಮಗೆ ದಾಟಿಸುತ್ತೇನೆ.

ದೇಶದೇಶಗಳು ಗುಟ್ಟಾಗಿ ಅಣುಬಾಂಬ್ ಪರೀಕ್ಷೆ ಮಾಡುತ್ತಿವೆಯೇ ಅಂತ ಕಾವಲು ಕಾಯಲು ಬಿಟ್ಟ ಉಪಗ್ರಹಗಳಿಗೆ ಇವು ಆಕಸ್ಮಿಕವಾಗಿ ಸಿಕ್ಕವಂತೆ. ನೆಲದ ಕಳ್ಳರನ್ನು ಹುಡುಕಲು ಹೋದವರಿಗೆ ಆಕಾಶದ ಪಟಾಕಿ ಸಿಕ್ಕಿತು. ಹೆಚ್ಚುಕಡಿಮೆ ದಿನಕ್ಕೊಂದು, ಯಾವ ದಿಕ್ಕಿನಿಂದ ಬೇಕಾದರೂ. ನಮ್ಮ ಸೂರ್ಯ ಹುಟ್ಟಿನಿಂದ ಕೊನೆಯ ತನಕ ಕೊಡುವಷ್ಟು ಶಕ್ತಿಯನ್ನು ಇವು ಕೆಲವೇ ಸೆಕೆಂಡುಗಳಲ್ಲಿ ಖರ್ಚು ಮಾಡಿ ಸುಮ್ಮನಾಗುತ್ತವೆ.

ವಿಜ್ಞಾನಿಗಳು ಇವನ್ನು ಎರಡು ಗುಂಪು ಮಾಡಿದರು. ಎರಡು ಸೆಕೆಂಡಿಗಿಂತ ಹೆಚ್ಚು ಉರಿದರೆ ಲಾಂಗ್. ಅಂದರೆ ದೈತ್ಯ ನಕ್ಷತ್ರವೊಂದು ತನ್ನೊಳಕ್ಕೇ ಕುಸಿದು ಸತ್ತಿದೆ. ಎರಡು ಸೆಕೆಂಡಿಗಿಂತ ಕಡಿಮೆಯಾದರೆ ಶಾರ್ಟ್. ಅಂದರೆ ಆಗಲೇ ಸತ್ತು ಗಟ್ಟಿಯಾದ ಎರಡು ಪುಟ್ಟ ನಕ್ಷತ್ರಗಳು ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಢಿಕ್ಕಿ ಹೊಡೆದಿವೆ. ಆ ಢಿಕ್ಕಿಯಲ್ಲಿ ಬಂಗಾರ ಹುಟ್ಟುತ್ತದಂತೆ. (ಬಂಗಾರ ಅಂದ ಕೂಡಲೇ ಅವ್ವನಿಗೆ ವಿಷಯ ಸ್ವಲ್ಪ ಅರ್ಥವಾಗತೊಡಗಿತು.)

ನನಗಂತೂ ಇದು ಹಬ್ಬ. ಅವತ್ತೇ ನಮ್ಮ ಇಡೀ ಬಳಗವನ್ನು ವಿಂಗಡಿಸಿ ಹಾಕಿದೆ. ಅಪ್ಪನ ಸಿಟ್ಟು ಶಾರ್ಟ್: ಒಂದು ‘ಏಯ್’, ಮುಗಿಯಿತು. ಅವ್ವನದು ಲಾಂಗ್: ಬೆಳಗಿನ ಉಪ್ಪಿಟ್ಟಿನಲ್ಲಿ ಶುರುವಾಗಿ ಸಂಜೆ ಚಹಾದ ತನಕ. ಕಂಪ್ಲಿಯ ಚಿಕ್ಕಮ್ಮನದು ವಿಜ್ಞಾನಕ್ಕೆ ಇನ್ನೂ ದಕ್ಕದ ಮೂರನೆಯ ಜಾತಿ. ಪಂಪಾಳಿಗೆ ನಗು ಬಂತಾದರೂ ಕೊನೆಗೆ ಅಂದಳು, “ಅಣ್ಣ, ಬರೇ ಉದ್ದ ಅಳೆದು ಹೇಳಾಕ ಬರಲ್ಲೋ. ಈಗೀಗ ಅವರಿಗೇ ಅನುಮಾನ ಬಂದೈತಿ.”

ಇತ್ತೀಚಿನ ವರ್ಷಗಳಲ್ಲಿ ಲೆಕ್ಕ ತಪ್ಪಿದೆಯಂತೆ. ಎಷ್ಟೋ ಹೊತ್ತು ಉರಿದದ್ದು ಕುಸಿತವಲ್ಲ, ಢಿಕ್ಕಿ ಅಂತ ಆಮೇಲೆ ತಿಳಿದಿದೆ. ಚಣದಲ್ಲಿ ಮುಗಿದದ್ದು ಢಿಕ್ಕಿಯಲ್ಲ, ಕುಸಿತ ಅಂತ ಗೊತ್ತಾಗಿದೆ. ಸ್ಫೋಟ ಮುಗಿದ ಮೇಲೆ ಆ ಜಾಗದಲ್ಲಿ ದಿನಗಟ್ಟಲೆ ಉಳಿಯುವ ಮಂದ ಬೆಳಕನ್ನು ದೂರದರ್ಶಕದಲ್ಲಿ ನೋಡಿದರೆ ಮಾತ್ರ ನಿಜ ತಿಳಿಯುವುದು.

ಪಂಪಾಳ ಪ್ರಾಜೆಕ್ಟು ಇಷ್ಟು: ಉಪಗ್ರಹದವರು ಎಲ್ಲರಿಗೂ ಬಿಟ್ಟುಕೊಟ್ಟಿರುವ ಡೇಟಾ ತೆಗೆದುಕೊಂಡು ಸ್ಫೋಟಗಳನ್ನು ವಿಂಗಡಿಸುವುದು. ಜೊತೆಗೆ ಐದು ಸ್ಫೋಟಗಳನ್ನು ಸದ್ದಾಗಿ ಬದಲಾಯಿಸಿದ್ದಳು. ಕಿರಣ ಹೆಚ್ಚು ಬಂದಾಗ ಸದ್ದು ಜೋರು, ಕಡಿಮೆಯಾದಾಗ ಮೆಲ್ಲಗೆ. ಅದರಲ್ಲಿ ಐದನೆಯದು ತಕರಾರಿನದು. ಮೊದಲು ಒಂದು ಸೆಕೆಂಡಿನ ಚೂಪಾದ ಸಿಡಿತ, ಆಮೇಲೆ ಸುಮಾರು ನಲವತ್ತು ಸೆಕೆಂಡು ಸಣ್ಣಗೆ, ಮೆತ್ತಗೆ ಉಳಿಯುವ ಬಾಲ. ಒಟ್ಟು ಉದ್ದ ಅಳೆದರೆ ಲಾಂಗ್. ಆದರೆ ತಲೆ ನೋಡಿದರೆ ಶಾರ್ಟ್. ಅದನ್ನು ಯಾವ ಗುಂಪಿಗೂ ಹಾಕದೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಕೂತಿದ್ದಳು.

ಇದು ಅವಳಿಗೆ ಬರೀ ಮಾರ್ಕ್ಸಿನ ಮಾತಾಗಿರಲಿಲ್ಲ. ವೈವಾಕ್ಕೆ ಬೆಂಗಳೂರಿನಿಂದ ಬರುವ ಮೇಡಂ ಇದೇ ವಿಷಯದಲ್ಲಿ ಕೆಲಸ ಮಾಡುವವರು. ಪ್ರತಿವರ್ಷ ಇಂಥ ವೈವಾಗಳಲ್ಲಿ ಮನಸ್ಸಿಗೆ ಬಂದ ಒಬ್ಬ ವಿದ್ಯಾರ್ಥಿಯನ್ನು ಬೇಸಿಗೆಯಲ್ಲಿ ತಮ್ಮ ಲ್ಯಾಬಿಗೆ ಕರೆಸಿಕೊಳ್ಳುತ್ತಾರೆ. ಪಂಪಾಳಿಗೆ ಆ ಜಾಗ ಬೇಕಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಫೋನಿನಲ್ಲಿ ಆ ಲ್ಯಾಬಿನ ಫೋಟೊ ತೆರೆದಿಟ್ಟುಕೊಂಡು ಉಣ್ಣುವವಳನ್ನು ನೋಡಿದರೆ ಯಾರಿಗೆ ಗೊತ್ತಾಗುವುದಿಲ್ಲ?

ಇಂಥ ಹೊತ್ತಿನಲ್ಲಿ ಅವಳು ನನ್ನ ಕೈಗೆ ಲ್ಯಾಪ್‌ಟಾಪ್ ಕೊಟ್ಟಳು. “ಅಣ್ಣ, ಈ ಐದೂ ಆಡಿಯೋ ವಾಲ್ಯೂಮ್ ಭಾಳ ಕಡಿಮಿ ಐತಿ. ನಿನಗ ಬರತೈತಲ್ಲ, ಸ್ವಲ್ಪ ಏರಿಸಿಕೊಡು.”

ನಾಲ್ಕು ಏರಿಸಿದೆ. ಐದನೆಯದು ಕೇಳಿದೆ. ‘ಟಕ್’, ಆಮೇಲೆ ನಲವತ್ತು ಸೆಕೆಂಡು ‘ಸ್ಸ್ಸ್’. ಸೀಟಿ ಹೊಡೆಯಲು ಮನಸ್ಸಿಲ್ಲದ ಕುಕ್ಕರಿನ ಹಾಗೆ. ಛೇ, ಬ್ರಹ್ಮಾಂಡದ ಸ್ಫೋಟ ಅಂದರೆ ಇಷ್ಟೇನಾ? ಬೆಂಗಳೂರಿನಿಂದ ಬಂದವರಿಗೆ ಇದನ್ನು ಕೇಳಿಸುವುದಾ? ನನ್ನೊಳಗಿನ ಕಲಾವಿದ ಎದ್ದು ನಿಂತ. ಅವನು ಎದ್ದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಕೆಟ್ಟಿದೆ.

ಬಚ್ಚಲಿಗೆ ಹೋದೆ. ಬಾಗಿಲು ಹಾಕಿದೆ. ‘ಢಂ’ ಅಂತ ಶುರುಮಾಡಿ ಗುಡುಗುಡುಗುಡು ಅಂತ ನಲವತ್ತು ಸೆಕೆಂಡು ಬಾರಿಸಿದೆ. ಆಹಾ! ನನಗೇ ಮೈ ಜುಮ್ ಅಂದಿತು. ಫೈಲಿಗೆ ಅದೇ ಹೆಸರು ಕೊಟ್ಟು ಅದೇ ಜಾಗದಲ್ಲಿ ಇಟ್ಟೆ. “ವಾಲ್ಯೂಮ್ ಸ್ವಲ್ಪ ಏರಿಸೀನಿ” ಅಂದೆ. ಸುಳ್ಳಲ್ಲ, ನಿಜಕ್ಕೂ ಏರಿತ್ತು.

ಎರಡು ದಿನ ಬಿಟ್ಟು ಪಂಪಾ ಅದನ್ನು ತನ್ನ ಗೈಡ್ ಸರ್‌ಗೆ (ಹಂಪಿ ಗೈಡ್ ಅಲ್ಲ, ಪ್ರಾಜೆಕ್ಟ್ ಗೈಡ್) ಡಿಪಾರ್ಟ್‌ಮೆಂಟಿನ ದೊಡ್ಡ ಸ್ಪೀಕರಿನಲ್ಲಿ ಕೇಳಿಸಿದಳು. ಐದನೆಯದು ಕೇಳಿದ ಸರ್ ಕುರ್ಚಿಯಿಂದ ಮುಂದೆ ಬಗ್ಗಿದರಂತೆ. “ಇಷ್ಟು ಹೊತ್ತು ಇಷ್ಟು ಜೋರು ಗುಡುಗ್ತೈತಿ, ಇನ್ನೇನು ಅನುಮಾನಮ್ಮ? ಸುಮ್ನ ಲಾಂಗಿಗೆ ಹಾಕು. ಖಾಲಿ ಬಿಟ್ರ ನಮಗ ಗೊತ್ತಿಲ್ಲ ಅಂದ್ಕೋತಾರ.”

ದೊಡ್ಡ ಸ್ಪೀಕರಾದ್ದರಿಂದ ಹೀಗೆ ಕೇಳುತ್ತಿದೆ ಅಂದುಕೊಂಡಳು ಪಾಪದವಳು. ತನ್ನ ಗ್ರಾಫನ್ನು ಬಿಟ್ಟು ಕಿವಿಯನ್ನು ನಂಬಿದಳು. ಪ್ರಶ್ನಾರ್ಥಕ ಅಳಿಸಿ ‘ಲಾಂಗ್’ ಅಂತ ಬರೆದು, ಎಲ್ಲವನ್ನೂ ಬೆಂಗಳೂರಿನ ಮೇಡಂಗೆ ಮೇಲ್ ಮಾಡಿದಳು. ಅಲ್ಲಿಗೆ ನಾನು ಹೊಸಪೇಟೆಯ ಬಚ್ಚಲಲ್ಲಿ ನಿಂತು ಕೋಟ್ಯಂತರ ವರ್ಷ ಹಳೆಯ ಒಂದು ಸ್ಫೋಟದ ಕುಲಗೋತ್ರ ಬದಲಾಯಿಸಿದ್ದೆ. ಅದು ನನಗಿನ್ನೂ ಗೊತ್ತಿರಲಿಲ್ಲ.

ಭಾನುವಾರ ಮನೆಯಲ್ಲಿ ರಿಹರ್ಸಲ್. ಬುಧವಾರ ವೈವಾ. ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಪಂಪಾ ನಿಂತಳು. ಪ್ರೇಕ್ಷಕರು ಮೂವರು. ಅವ್ವ, ನಾನು, ಮತ್ತೆ ಅವತ್ತೇ ಬೆಳಗಿನ ಬಸ್ಸಿಗೆ ಬಂಡ್ರಿಯಿಂದ ಮೆಕ್ಕೆಜೋಳದ ತೆನೆ ಹೊತ್ತುಕೊಂಡು ಬಂದಿದ್ದ ಹೊನ್ನೂರಪ್ಪ ಮಾಮ, ಅವ್ವನ ಅಣ್ಣ. ನಡುವೆ ಒಗ್ಗರಣಿ ಮಂಡಕ್ಕಿ, ಮಿರ್ಚಿ.

ಈ ಮಾಮನ ಬಗ್ಗೆ ಹೇಳಬೇಕು. ಸಂಡೂರು ಗುಡ್ಡದ ಗಣಿಯೊಂದರಲ್ಲಿ ಬ್ಲಾಸ್ಟರ್ ಆಗಿದ್ದವರು. ಕಲ್ಲಿನಲ್ಲಿ ಕೊರೆದ ಹೋಲಿಗೆ ಮದ್ದು ತುಂಬಿ ಸಿಡಿಸುವ ಕೆಲಸ. ಈಗ ರಿಟೈರ್ಡ್. ನನ್ನ ಸ್ಟೇಜಿನ ಅತಿ ಹಿಟ್ ಐಟಂ ಇವರೇ. ಇವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಎದುರಿಗೇ ಇರುವ ಚಹಾದಂಗಡಿಯವನಿಗೆ ಆಚೆ ಗುಡ್ಡದಲ್ಲಿ ನಿಂತವನಿಗೆ ಹೇಳಿದ ಹಾಗೆ “ಎರಡು ಚಾ ಕೊಡಲೇ ತಮ್ಮಾ!” ಅನ್ನುತ್ತಾರೆ. ಅದನ್ನು ನಾನು ಮಾಡಿದರೆ ಬಳ್ಳಾರಿ ಜಿಲ್ಲೆಯೇ ನಗುತ್ತದೆ. ಇಷ್ಟು ಕೂಗುವ ಮನುಷ್ಯನಿಗೆ ಕಿವಿ ಮಂದ ಅಂತ ನಾನು ಎಂದೋ ತೀರ್ಮಾನ ಮಾಡಿಬಿಟ್ಟಿದ್ದೆ. ಅದಕ್ಕೇ ಅವತ್ತು ಅವರನ್ನು ಕಂಡು ನನಗೆ ಯಾವ ಹೆದರಿಕೆಯೂ ಆಗಲಿಲ್ಲ.

ಮೊದಲನೆಯ ಸ್ಫೋಟ: ಟಪ್.

“ಹೂಂ. ಒಂದೇ ಹೋಲ್!” ಅಂದರು ಮಾಮ, ಬೆರಳು ಮಡಚಿ.

ಎರಡನೆಯದು: ಮೆಲ್ಲಗೆ ಏರಿ, ಇಳಿದು, ಮತ್ತೆ ಏರಿತು. “ಇದು ದೊಡ್ಡದವ್ವಾ! ಒಳಗಿಂದ ಬಂದದ್ದು!”

ಮೂರು, ನಾಲ್ಕು ಆದವು. ಐದನೆಯದು ಬಂತು. ನನ್ನ ಕೃತಿ. ಕಿಟಕಿಯ ಗಾಜು ಅದುರಿತು. ಅವ್ವ ಎದೆ ಮೇಲೆ ಕೈಯಿಟ್ಟುಕೊಂಡಳು, “ಅಯ್ಯಯ್ಯ, ಎದಿ ನಡುಗಿಬಿಡ್ತಲ್ಲವ್ವಾ!” ನಾನು ಒಳಗೊಳಗೇ ಉಬ್ಬಿ ಒಂದು ಮಿರ್ಚಿ ಕಚ್ಚಿದೆ.

ಮಾಮ ಕೈ ಎತ್ತಿದರು. “ಏಯ್, ಇನ್ನೊಮ್ಮೆ ಹಾಕವ್ವ ಅದನ್ನ!”

ಪಂಪಾ ಹಾಕಿದಳು. ಮಾಮ ಕಣ್ಣು ಮುಚ್ಚಿಕೊಂಡು ಕೇಳಿದರು.

“ಇದರಾಗ ಉಸಿರು ಐತಿ.”

“ಅಂದ್ರ, ಮಾಮ?”

“ಉಸಿರವ್ವಾ, ಉಸಿರು! ನಡುವ ಯಾರೋ ಉಸಿರು ತಗೊಂಡಾರ. ಕಲ್ಲು ಉಸಿರು ತಗೋತೈತೇನು? ಆಕಾಶ ತಗೋತೈತೇನು?”

ಪಂಪಾ ಗ್ರಾಫ್ ತೆರೆದಳು. ಇಪ್ಪತ್ತನೇ ಸೆಕೆಂಡಿನ ಹತ್ತಿರ ನೋಡಿದಳು. ಅಲ್ಲಿ ಯಾವ ತಗ್ಗೂ ಇಲ್ಲ. ಸದ್ದಿನಲ್ಲಿ ಇದೆ. ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು. ನಾನು ಯಾರ ಮುಖ ಬೇಕಾದರೂ ಮಾಡಬಲ್ಲೆ ಸ್ವಾಮಿ. ಆ ಹೊತ್ತಿನಲ್ಲಿ ಏನೂ ಅರಿಯದವನ ಮುಖ ಒಂದು ಮಾತ್ರ ಬರಲಿಲ್ಲ.

“ಅಣ್ಣಾ, ಏನ್ ಮಾಡಿದಿ?”

ಹೇಳಿದೆ. ಬಚ್ಚಲು, ಎಕೋ, ಕಲಾವಿದ, ಎಲ್ಲ ಹೇಳಿದೆ.

“ನಿನ್ನ ಆ ಗುಡುಗು ಕೇಳಿ ಸರ್ ಅದನ್ನ ಲಾಂಗ್ ಅಂದ್ರು. ನಾನೂ ಹಂಗ ಬರೆದೆ. ಮೇಡಂಗೆ ಕಳಿಸಿದ್ದೂ ಆತು. ಅವರು ಗ್ರಾಫ್ ನೋಡಿ, ಇದನ್ನ ಕೇಳಿದ್ರ, ನಾ ಡೇಟಾ ತಿದ್ದೀನಿ ಅಂತಾರ. ಲ್ಯಾಬೂ ಹೋತು, ಮಾರ್ಕ್ಸೂ ಹೋತು.” ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ದನಿ ಸಣ್ಣದಾದಷ್ಟೂ ನಾನು ಸಣ್ಣವನಾಗುತ್ತಾ ಹೋದೆ.

ನಾನು ಮಾಮನ ಕಡೆ ತಿರುಗಿದೆ. “ನಿಮಗ ಕಿವಿ ಹಿಂಗ ಕೇಳತೈತೇನ್ರಿ?”

“ಕಿವಿ ಕೇಳದಿದ್ರ ನಾ ಇವತ್ತು ಇಲ್ಲಿ ಮಿರ್ಚಿ ತಿಂತಿದ್ನೇನಲೇ?”

ಅವರ ಕಾಲದಲ್ಲಿ ಒಂದೊಂದು ಹೋಲಿಗೂ ಬೇರೆ ಬೇರೆ ಉದ್ದದ ಬತ್ತಿ. ಹಚ್ಚಿ ಓಡಿ ಬಂದು ಮರೆಯಲ್ಲಿ ನಿಂತರೆ ಒಂದಾದ ಮೇಲೊಂದು ಸಿಡಿಯುತ್ತವೆ. ಬ್ಲಾಸ್ಟರಿನ ಮುಖ್ಯ ಕೆಲಸ ಹಚ್ಚುವುದಲ್ಲ, ಎಣಿಸುವುದು. ಇಪ್ಪತ್ತು ಹೋಲ್ ತುಂಬಿ ಹತ್ತೊಂಬತ್ತು ಕೇಳಿದರೆ ಯಾರೂ ಆ ಕಡೆ ಹೆಜ್ಜೆ ಇಡುವ ಹಾಗಿಲ್ಲ. ಒಂದು ಇನ್ನೂ ಒಳಗೆ ಜೀವಂತ ಕೂತಿದೆ. ಕೂಗಿ ಮಾತಾಡುವುದು ದೂರದ ಕೂಲಿಗಳನ್ನು ತಡೆದು ತಡೆದು ಬಂದ ಅಭ್ಯಾಸವಂತೆ. ನಾನು ಇಷ್ಟು ವರ್ಷ ಸ್ಟೇಜಿನಲ್ಲಿ ಮಾಡಿದ್ದು ಆ ಕೂಗನ್ನು. ಅದರ ಹಿಂದೆ ಉಸಿರು ಬಿಗಿಹಿಡಿದು ಎಣಿಸುತ್ತಾ ನಿಂತ ಮನುಷ್ಯ ನನಗೆ ಕೇಳಿಸಿರಲೇ ಇಲ್ಲ.

ಪಂಪಾ ತನ್ನ ಹಳೆಯ ಪೆನ್‌ಡ್ರೈವಿನಿಂದ ಅಸಲಿ ಐದನೆಯದನ್ನು ಹುಡುಕಿ ತೆಗೆದಳು. ‘ಟಕ್’, ಆಮೇಲೆ ‘ಸ್ಸ್ಸ್’.

ಮಾಮ ಮತ್ತೆ ಕಣ್ಣು ಮುಚ್ಚಿದರು. “ಹಾಂ! ಇದು ಖರೇದು. ಬ್ಲಾಸ್ಟ್ ಆಗಿದ್ದು ಮೊದಲ ಒಂದು ಸೆಕೆಂಡ್ ಅಷ್ಟೇ ನೋಡವ್ವ. ಹಿಂದಿಂದು ಬ್ಲಾಸ್ಟ್ ಅಲ್ಲ. ಸಿಡಿದ ಮ್ಯಾಲೆ ಕಲ್ಲು ಜಾರಿಕೋತ ಇಳಿಯೋದಿಲ್ಲಾ, ಆ ಜಾತಿ ಸದ್ದು. ಎರಡನ್ನೂ ಕೂಡಿಸಿ ಅಳೀಬಾರದು.”

ಪಂಪಾಳ ಕಣ್ಣು ಅಗಲವಾಯಿತು. “ನನ್ನ ಗ್ರಾಫೂ ಅದನ್ನೇ ಹೇಳ್ತೈತಿ ಮಾಮ. ಮುಂದಿಂದು ಶಕ್ತಿ ಹೆಚ್ಚಿರೋ ಗಟ್ಟಿ ಕಿರಣ, ಹಿಂದಿಂದು ಮೆತ್ತಂದು.”

“ಹಂಗಾದ್ರ ಶಾರ್ಟಿಗೆ ಹಾಕಿ ಮುಗಸು!” ಅಂದೆ ನಾನು. (ಸುಮ್ಮನಿರಬಹುದಿತ್ತು.)

“ಏಯ್ ಸುಮ್ನಿರಲೇ!” ಅಂದರು ಮಾಮ. “ಸದ್ದು ಕೇಳಿ ಅಂದಾಜು ಮಾಡಬೇಕು, ಹೋಗಿ ನೋಡಿ ಬರೀಬೇಕು. ಅದನ್ನ ಹೋಗಿ ನೋಡಿದವರು ಯಾರರ ಅದಾರೇನವ್ವ?”

ಯಾರೂ ಇರಲಿಲ್ಲ. ಆ ಸ್ಫೋಟ ಉಪಗ್ರಹಕ್ಕೆ ಸಿಕ್ಕಾಗ ಆ ದಿಕ್ಕಿನಲ್ಲೇ ಸೂರ್ಯ ಇದ್ದನಂತೆ. ಯಾವ ದೂರದರ್ಶಕವೂ ಆ ಕಡೆ ಮುಖ ಮಾಡಲಾಗಲಿಲ್ಲ. ಆಮೇಲಿನ ಮಂದ ಬೆಳಕನ್ನು ಯಾರೂ ಕಾಣಲಿಲ್ಲ. ಪಂಪಾ ಟೇಬಲಿನಲ್ಲಿ ಎರಡು ಖಾನೆಗಳ ಪಕ್ಕ ಮೂರನೆಯದೊಂದನ್ನು ಎಳೆದು, ಮೇಲೆ ‘ತಿಳಿದಿಲ್ಲ’ ಅಂತ ಬರೆದು, ಐದನೆಯದನ್ನು ಅಲ್ಲಿಟ್ಟಳು.

ಸರ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಅವರು ಒಳ್ಳೆಯವರೇ. ಆದರೆ ಹೆದರಿಕೆಯ ಒಳ್ಳೆಯವರು. “ಸುಮ್ನ ಹೊಸ ಫೈಲ್ ಕಳಿಸಿಬಿಡು. ಯಾಕ ಅಂತ ಯಾರೂ ಕೇಳಂಗಿಲ್ಲ. ಅಣ್ಣ, ಬಚ್ಚಲು ಎಲ್ಲಾ ಹೇಳಾಕ ಹೋಗಬ್ಯಾಡ. ಇನ್ನ ಆ ಮೂರನೇ ಖಾನೆ ತೆಗಿ.”

“ಹೇಳ್ತೀನ್ರಿ ಸರ್” ಅಂದಳು. ಸರ್ ಅದನ್ನು ಒಪ್ಪಿಗೆ ಅಂದುಕೊಂಡು ಫೋನ್ ಇಟ್ಟರು. ಅವಳು ಅಂದದ್ದು ಮೇಡಂಗೆ ಹೇಳುತ್ತೇನೆ ಅಂತ.

ಮಂಗಳವಾರ ಪೂರ್ತಿ ನಾನು ಯೋಚನೆ ಮಾಡಿದೆ. (ಅಪರೂಪದ ಘಟನೆ.) ನಾವೆಲ್ಲ ಎರಡು ಸೆಕೆಂಡಿನ ಗಿರಾಕಿಗಳೇ ಅಲ್ಲವೇ? ಹಂಪಿ ಬಜಾರಿನಲ್ಲಿ ಕೊಳಲು ಮಾರುವವನು ಕಾಲಿನ ಚಪ್ಪಲಿ ನೋಡಿ ಇವರು ಯಾವ ದೇಶ ಅನ್ನುತ್ತಾನೆ. ಕಂಪ್ಲಿ ಬಸ್ಸಿನ ಕಂಡಕ್ಟರು ಮೆಟ್ಟಿಲು ಹತ್ತುವ ರೀತಿ ನೋಡಿಯೇ ಇವರು ಕಿಟಕಿಗೆ ಜಗಳ ಆಡುವವರು ಅಂತ ಬರೆದುಕೊಡುತ್ತಾನೆ. ಹೆಣ್ಣು ನೋಡಲು ಬಂದವರು ಚಹಾದ ಲೋಟ ಇಡುವ ಶಬ್ದದಿಂದ ಸ್ವಭಾವ ಹೇಳುತ್ತಾರೆ. ಇನ್ನು ನನ್ನ ಕಸುಬು? ಒಬ್ಬ ಮನುಷ್ಯನ ಎರಡು ಸೆಕೆಂಡು ಕದ್ದು, ಇವನು ಇಷ್ಟೇ ಅಂತ ಊರಿಗೆಲ್ಲ ಹಂಚುವುದು. ಜನ ನಗುತ್ತಾರೆ. ಯಾಕೆಂದರೆ ಅವರ ಬಳಿಯೂ ಅವೇ ಎರಡು ಸೆಕೆಂಡು ಇರುತ್ತವೆ. ಉಳಿದ ನಲವತ್ತನ್ನು ಕಾದು ಕೇಳುವವರು ಯಾರು?

(ಹಾಗಂತ ಕಸುಬು ಬಿಟ್ಟೆ ಅಂದುಕೊಳ್ಳಬೇಡಿ. ಹೊಟ್ಟೆಪಾಡು.)

ಬುಧವಾರ ಅವಳ ಡಿಪಾರ್ಟ್‌ಮೆಂಟಿನಲ್ಲಿ ವೈವಾ. ಮನೆಯವರು ಹಿಂದಿನ ಬೆಂಚಿನಲ್ಲಿ ಕೂರಬಹುದು. ನಾನು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಾಮನೂ ಬಂದರು. “ಸಾಕ್ಷಿ ಬೇಕಾದ್ರ ಇರಲಿ” ಅಂತ. ಅವರ ಲೆಕ್ಕದಲ್ಲಿ ಮೆಲ್ಲಗೆ ಹೇಳಿದ್ದು, ಆದರೂ ಕಾರಿಡಾರಿನ ಆ ತುದಿಯವರು ತಿರುಗಿ ನೋಡಿದರು.

ಮೇಡಂ ಸಣ್ಣ ಆಸಾಮಿ. ಕನ್ನಡಕ, ಹತ್ತಿ ಸೀರೆ, ನಗದ ಮುಖ. ಪಂಪಾ ಎದ್ದು ನಿಂತಳು. ಮೊದಲ ಸ್ಲೈಡನ್ನೂ ಹಾಕಲಿಲ್ಲ.

“ಮೇಡಂ, ಶುರು ಮಾಡೋ ಮುಂಚೆ ಒಂದು ಮಾತು. ನಿಮಗೆ ಕಳಿಸಿದ ಐದನೇ ಸೌಂಡ್ ಫೈಲ್ ಡೇಟಾ ಅಲ್ಲ. ಅದು ನಮ್ಮಣ್ಣನ ಬಾಯಿ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಇದ್ದದ್ದು ನನ್ನ ತಪ್ಪೇ, ನಾನು ಗ್ರಾಫ್ ಜೊತೆ ಹೋಲಿಸಿ ನೋಡಲಿಲ್ಲ. ಅದನ್ನ ಕೇಳಿ ಟೇಬಲ್ಲೂ ತಪ್ಪು ಬರೆದಿದ್ದೆ. ಈಗ ಎರಡೂ ಸರಿ ಮಾಡಿದೀನಿ.”

ಗೈಡ್ ಸರ್ ಚಾವಣಿಯ ಫ್ಯಾನ್ ನೋಡತೊಡಗಿದರು. ನಾನು ಮಾಮನ ಬೆನ್ನಿನ ಮರೆಗೆ ಸರಿದೆ.

“ಹೇಗೆ ಗೊತ್ತಾಯ್ತು?” ಅಂದರು ಮೇಡಂ.

“ನಮ್ಮ ಮಾಮ ಹಿಡಿದ್ರು. ಗಣಿಯಲ್ಲಿ ಬ್ಲಾಸ್ಟರ್ ಆಗಿದ್ದವರು, ಸಿಡಿದದ್ದನ್ನ ಕಿವಿಯಿಂದಲೇ ಎಣಿಸ್ತಿದ್ದವರು.”

ಮೇಡಂ ಅದಕ್ಕೇನೂ ಅನ್ನದೆ ಕೈಯಲ್ಲೇ ಮುಂದುವರಿಸು ಅಂದರು. ಪಂಪಾ ಅರ್ಧ ಗಂಟೆ ಮಾತಾಡಿದಳು. ಕೊನೆಯ ಟೇಬಲ್ ಬಂದಾಗ ಮೇಡಂ ಮೂರನೆಯ ಖಾನೆಯ ಮೇಲೆ ಪೆನ್ನಿಟ್ಟರು.

“ಇದು ಎರಡು ಸೆಕೆಂಡಿಗಿಂತ ಎಷ್ಟೋ ಉದ್ದ ಇದೆ. ನಿಯಮದ ಪ್ರಕಾರ ಲಾಂಗ್. ಯಾಕೆ ಬರೆದಿಲ್ಲ?”

“ತಲೆ ಶಾರ್ಟಿನ ಹಾಗಿದೆ ಮೇಡಂ, ಬಾಲದಿಂದ ಉದ್ದ ಆಗಿದೆ.”

“ಹಾಗಾದ್ರೆ ಶಾರ್ಟ್ ಅಂತ ಬರಿ.”

“ಆಮೇಲಿನ ಬೆಳಕನ್ನ ಯಾರೂ ನೋಡಿಲ್ಲ ಮೇಡಂ. ನೋಡದೆ ಬರೆಯೋಕೆ...”

“ಮೂರನೇ ಖಾನೆ ಸುಲಭ ಅಲ್ವಾ? ಉತ್ತರ ಬರದವರೆಲ್ಲ ಅಲ್ಲಿ ಹಾಕಬಹುದು. ನಾನು ಇದಕ್ಕೆ ಮಾರ್ಕ್ಸ್ ಕಡಿಮೆ ಮಾಡಿದ್ರೆ?”

ಪಂಪಾಳ ಪುಸ್ತಕದ ಕನ್ನಡ ಅಲ್ಲಿಗೆ ಮುಗಿಯಿತು. “ಮಾಡ್ರಿ ಮೇಡಂ. ಖಾನೆ ಮಾತ್ರ ತೆಗಿಯಂಗಿಲ್ರಿ.”

ಮೇಡಂ ಕನ್ನಡಕದ ಮೇಲಿನಿಂದ ಹಿಂದಿನ ಬೆಂಚು ನೋಡಿದರು.

“ನೀವೇನಾ ಆ ಮಾಮ? ನಿಮ್ಮ ಕೆಲಸದಲ್ಲಿ ಎಣಿಕೆ ತಿಳೀದೇ ಹೋದ್ರೆ ಲೆಕ್ಕದ ಪುಸ್ತಕದಲ್ಲಿ ಏನು ಬರೀತಿದ್ರಿ?”

ಮಾಮ ಎದ್ದು ನಿಂತರು. ಜೀವನದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದೆ.

“ತಿಳಿದಿಲ್ಲ ಅಂತ ಬರೀತಿದ್ವಿ, ಮೇಡಂ. ಬರದು, ಅವತ್ತು ಯಾರನ್ನೂ ಒಳಗ ಬಿಡ್ತಿದ್ದಿಲ್ಲ. ಮೇಸ್ತ್ರಿ ಬೈತಿದ್ದ. ಬೈಸಿಕೋತಿದ್ವಿ. ನನ್ನ ಗ್ಯಾಂಗಿನಾಗ ಇವತ್ತಿಗೂ ಎಲ್ಲರ ಕೈಕಾಲು ಅದಾವ್ರಿ.”

ಮೇಡಂ ಏನೋ ಬರೆದುಕೊಂಡರು. “ಆಯ್ತಮ್ಮ, ಹೋಗು” ಅಂದರು ಪಂಪಾಳಿಗೆ. ಅಷ್ಟೇ. ಮುಖದಲ್ಲಿ ಶಾರ್ಟೂ ಇಲ್ಲ, ಲಾಂಗೂ ಇಲ್ಲ.

ಹೊರಗೆ ಬಂದ ಪಂಪಾ ಗೋಡೆಗೆ ಒರಗಿ ನಿಂತಳು. ಮಾಮ ಅವಳ ತಲೆಯ ಮೇಲೆ ಕೈಯಿಟ್ಟರು. ನನಗೆ ತಡೆಯಲಾಗಲಿಲ್ಲ. ಮೇಡಂ ಕಾರಿನ ಕಡೆ ಹೊರಟಿದ್ದಾಗ ಅಡ್ಡ ಹೋಗಿ ಕೈ ಮುಗಿದೆ.

“ಮೇಡಂ, ತಪ್ಪೆಲ್ಲಾ ನಂದ್ರಿ. ಆಕಿದೇನೂ ಇಲ್ಲ. ಬೇಕಾದ್ರ ನನಗ ಏನರ ಅನ್ರಿ, ಆಕಿ ಲ್ಯಾಬ್ ಮಾತ್ರ ತಪ್ಪಿಸಬ್ಯಾಡ್ರಿ.”

ಮೇಡಂ ನಿಂತರು. “ಆ ಐದನೇ ಸದ್ದು ನಿಮ್ಮದಾ? ನಲವತ್ತು ಸೆಕೆಂಡೂ ಬಾಯಲ್ಲೇ?”

ಅಲ್ಲಿ ಹೌದು ಅಂದು ತಲೆ ತಗ್ಗಿಸಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಆದರೆ ಆ ದನಿಯಲ್ಲಿ ನನಗೆ ಕುತೂಹಲ ಕಂಡಿತು. ಕುತೂಹಲ ಕಂಡ ಮಿಮಿಕ್ರಿಯವನನ್ನು ಹಿಡಿದು ನಿಲ್ಲಿಸಲು ಯಾವ ದೇವರಿಗೂ ಆಗುವುದಿಲ್ಲ. “ಹೌದ್ರಿ ಮೇಡಂ, ಬಾಯಲ್ಲೇ!” ಅಂದವನೇ ಕಣ್ಣು ಮುಚ್ಚಿ, ಕಾರಿಡಾರಿನಲ್ಲೇ, ಢಂ ಅಂತ ಶುರುಮಾಡಿಬಿಟ್ಟೆ. ಪಾರಿವಾಳಗಳು ಹಾರಿದವು. ಅಟೆಂಡರ್ ಓಡಿ ಬಂದ. ನಡುವೆ ಒಂದು ಉಸಿರು ತೆಗೆದುಕೊಳ್ಳುವಾಗ ಒಂದೇ ಒಂದು ಕಣ್ಣು ಬಿಟ್ಟು ಮೇಡಂ ನೋಡುತ್ತಿದ್ದಾರೋ ಇಲ್ಲವೋ ನೋಡಿಕೊಂಡೆ. ನೋಡುತ್ತಿದ್ದರು. ಮತ್ತಷ್ಟು ಹುರುಪಿನಿಂದ ಮುಗಿಸಿದೆ.

“ಹೆಂಗಿತ್ರಿ ಮೇಡಂ?”

ಮೇಡಂ ಹೊರಗೆ ನಡೆದು ಕಾರಿನ ಬಾಗಿಲು ತೆರೆದು, ಒಳಗೆ ಕೂತು, ಗಾಜು ಇಳಿಸಿ ಹೇಳಿದರು:

“ಇಪ್ಪತ್ತು ವರ್ಷದಿಂದ ಇವನ್ನೇ ನೋಡ್ತಿದ್ದೀನಿ ಕಣ್ರೀ, ಸಿಡಿಯೋದರ ಮಧ್ಯೆ ಒಂದು ಸ್ಫೋಟಾನೂ ಕಣ್ಣು ಬಿಟ್ಟು ಯಾರಾದ್ರೂ ನೋಡ್ತಿದ್ದಾರಾ ಅಂತ ನೋಡಿಲ್ಲ. ಬೇಸಿಗೆಗೆ ತಂಗೀನ ನಮ್ಮ ಲ್ಯಾಬಿಗೆ ಕಳಿಸಿ. ನೀವು ಬಸ್‌ಸ್ಟ್ಯಾಂಡಿನವರೆಗೂ ಬರೋದು ಬೇಡ.”